ಗಾಳ ಕಾಣಬೇಕೋ, ಕಾಣಬಾರದೋ? - ಶಾರ್ಕ್ ಎರೆಯ ಒಂದಷ್ಟು ಇತಿಹಾಸ

 

ಕಳೆದ ವಾರ ಮನೆ ಬದಲಾಯಿಸುವಾಗ ಹಳೇ ಬಿಸ್ಕತ್ತಿನ ಡಬ್ಬಿಯೊಂದು ಸಿಕ್ಕಿತು. ಒಳಗೆ ಸೇಫ್ಟಿ ಪಿನ್ನುಗಳು, ಎರಡು ಬೀಗದ ಕೈ, ನಾಲ್ಕಾರು ಮೊಳೆ, ಎಲ್ಲವೂ ಉಡುಪಿಯ ಮಳೆಗಾಲದ ತೇವಕ್ಕೆ ತುಕ್ಕು ಹಿಡಿದು ಒಂದಕ್ಕೊಂದು ಅಂಟಿಕೊಂಡಿದ್ದವು. ಅವುಗಳ ಮಧ್ಯೆ ಅಂಗೈ ಉದ್ದದ ಒಂದು ಗಾಳ, ಇಂಗ್ಲಿಷಿನ ‘ಜೆ’ ಅಕ್ಷರದ ಹಾಗೆ ಬಾಗಿದ್ದು, ನಿನ್ನೆ ಅಂಗಡಿಯಿಂದ ತಂದಂತೆ ಫಳಫಳ ಹೊಳೆಯುತ್ತಿತ್ತು. ಒಂದು ಚುಕ್ಕೆ ತುಕ್ಕಿಲ್ಲ. “ಇದನ್ನೂ ಹೊತ್ಕೊಂಡು ಹೋಗ್ಬೇಕಾ?” ಅಂದಳು ಹೆಂಡತಿ. ನಾನು ಉತ್ತರ ಕೊಡದೆ ಅದನ್ನೇ ನೋಡುತ್ತಾ ಕೂತೆ. ತುಕ್ಕು ಹಿಡಿಯದೇ ಇದ್ದದ್ದು ನನಗೆ ಸಂತೋಷದ ವಿಷಯವಾಗಿರಲಿಲ್ಲ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಸುತ್ತಿ ಬಳಸಿ.

2007ರ ಜುಲೈ. ಆಗ ನಾನು ನ್ಯೂಜೆರ್ಸಿಯಲ್ಲಿದ್ದೆ. ಆಫೀಸಿನ ನಾಲ್ವರು ಸೇರಿ ಲಾಂಗ್ ಐಲೆಂಡಿನ ಪೂರ್ವದ ತುದಿ ಮೋಂಟಾಕ್‌ಗೆ ಹೋಗಿ ಒಂದು ದೋಣಿ ಬಾಡಿಗೆಗೆ ಹಿಡಿದು ಶಾರ್ಕ್ ಗಾಳ ಹಾಕುವುದು ಅಂತ ತೀರ್ಮಾನವಾಯಿತು. ನನ್ನನ್ನ ಸೇರಿಸಿಕೊಂಡಿದ್ದು ನಾನು ಗಂಗೊಳ್ಳಿ ಕಡೆಯವನು ಅನ್ನುವ ಒಂದೇ ಕಾರಣಕ್ಕೆ. (ಬಂದರಿನ ಊರಿನವರಿಗೆಲ್ಲ ಮೀನು ಹಿಡಿಯಲು ಬರುತ್ತೆ ಅನ್ನುವುದು ಮೈಸೂರಿನವರಿಗೆಲ್ಲ ಆನೆ ಹತ್ತಲು ಬರುತ್ತೆ ಅಂದ ಹಾಗೆ!) ನಮ್ಮ ಕಡೆ ಶಾರ್ಕಿಗೆ ತಾಟೆ ಅಂತಾರೆ, ಕೊಂಕಣಿಯವರು ಮೋರಿ ಅಂತಾರೆ. ಮರಿ ತಾಟೆ ಬಾಣಂತಿಯರಿಗೆ ಒಳ್ಳೇದು, ಹಾಲು ಹೆಚ್ಚುತ್ತೆ ಅನ್ನುವ ನಂಬಿಕೆ. ಅಂದರೆ ನಮಗೆ ತಾಟೆ ಅನ್ನೋದು ಅಡುಗೆಮನೆಯ ವಿಷಯ. ಆಟಕ್ಕಾಗಿ ಅದನ್ನ ಹಿಡಿಯುತ್ತಾರೆ ಅನ್ನೋದು ನನಗೆ ಹೊಸದು.

ಬೆಳಿಗ್ಗೆ ಐದಕ್ಕೆ ಹೊರಟು, ದಡ ಕಾಣದಷ್ಟು ದೂರ ಹೋಗಿ ಇಂಜಿನ್ ನಿಲ್ಲಿಸಿದರು. ಅರೆದ ಮೀನಿನ ಹೆಪ್ಪುಗಟ್ಟಿದ ಗಟ್ಟಿಯೊಂದನ್ನ ತೂತಿನ ಬಕೆಟ್ಟಿಗೆ ಹಾಕಿ ನೀರಿಗೆ ಇಳಿಬಿಟ್ಟರು. ಅದು ಕರಗುತ್ತಾ ಎಣ್ಣೆಯ ಜಿಡ್ಡು ಮೈಲಿಗಟ್ಟಲೆ ಹರಡುತ್ತೆ, ಅದರ ವಾಸನೆ ಹಿಡಿದು ಶಾರ್ಕ್ ಬರುತ್ತೆ. ಅದು ಬರುವವರೆಗೆ ಇರುವ ಕೆಲಸ ಒಂದೇ, ಎರೆ ಕಟ್ಟೋದು.

ನಾನು ಇವತ್ತಿಗೂ ಮರೆಯದೇ ಇರುವುದು ಅದನ್ನೇ. ದೋಣಿಯ ಕೆಲಸದ ಹುಡುಗ, ಇಪ್ಪತ್ತು ವರ್ಷ ಇರಬಹುದು, ಐಸ್ ಪೆಟ್ಟಿಗೆಯಿಂದ ಒಂದು ಇಡೀ ಮ್ಯಾಕರೆಲ್ ತೆಗೆದ. ನಮ್ಮ ಬಂಗುಡೆಯ ನೆಂಟ ಅನ್ನಿ, ಬೆನ್ನ ಮೇಲೆ ಹುಲಿಯ ಪಟ್ಟೆ. ಮೊದಲು ಅದನ್ನ ಎರಡೂ ಕೈಯಲ್ಲಿ ಹಿಡಿದು ಅತ್ತ ಇತ್ತ ಬಗ್ಗಿಸಿ ಬೆನ್ನುಮೂಳೆ ಅಲ್ಲಲ್ಲಿ ಲಟಕ್ ಅನ್ನಿಸಿದ. ಕಟ್ಟಿಗೆಯ ಹಾಗೆ ಸೆಟೆದ ಮೀನು ನೀರಲ್ಲಿ ಗಿರಗಿರ ತಿರುಗುತ್ತೆ, ತಂಗೂಸಿ ಹುರಿಗೊಂಡು ಹಾಳಾಗುತ್ತೆ. ಮೂಳೆ ಮುರಿದರೆ ಜೀವ ಇರುವ ಮೀನಿನ ಹಾಗೆ ಬಳುಕುತ್ತೆ. ಬಾಲದ ರೆಕ್ಕೆಯನ್ನೂ ಕತ್ತರಿಸಿದ, ಅದೂ ತಿರುಗುವಿಕೆ ತಡೆಯೋಕೇ. ಆಮೇಲೆ ನಮ್ಮ ಗೋಣಿಚೀಲ ಹೊಲಿಯುವ ದಬ್ಬಣದಂಥ ಉದ್ದನೆ ಸೂಜಿಯನ್ನ ಹೊಟ್ಟೆಯ ಕೆಳಗಿನ ರಂಧ್ರದಿಂದ ತೂರಿಸಿ ಬಾಯಲ್ಲಿ ಹೊರತೆಗೆದ. ಸೂಜಿಗೆ ಉಕ್ಕಿನ ತಂತಿ ಸಿಕ್ಕಿಸಿ ಎಳೆದಾಗ ತಂತಿ ಮೀನಿನ ಉದ್ದಕ್ಕೂ ಒಳಗೆ ಹೋಗಿ, ತುದಿಯ ಗಾಳ ಹೊಟ್ಟೆಯೊಳಗೆ ಕೂತಿತು. ಮೊನೆ ಮಾತ್ರ ಒಂದಿಷ್ಟು ಹೊರಗೆ. ಇನ್ನೊಂದು ಗಾಳ ಕಿವಿರಿನ ಹತ್ತಿರ. ಕೊನೆಗೆ ಮೇಣ ಹಚ್ಚಿದ ದಾರದಲ್ಲಿ ಮೀನಿನ ಬಾಯಿ ಹೊಲಿದ. ಬಾಯಿ ತೆರೆದಿದ್ದರೆ ನೀರು ನುಗ್ಗಿ ಮೀನು ಹರಿದುಹೋಗುತ್ತಂತೆ. ಇಷ್ಟೆಲ್ಲ ಆಗಿದ್ದು ಮೂರು ನಿಮಿಷದಲ್ಲಿ. ನಮ್ಮೂರಿನ ಹೂ ಕಟ್ಟುವ ಹೆಂಗಸರ ಬೆರಳು ನೆನಪಾಯಿತು.

ತಂತಿಯೇ ಯಾಕೆ ಅಂತ ಕೇಳಿದೆ. ನೈಲಾನ್ ದಾರವನ್ನ ಶಾರ್ಕಿನ ಹಲ್ಲು ಒಂದೇ ಕ್ಷಣದಲ್ಲಿ ಕತ್ತರಿಸುತ್ತೆ. ಅದರ ಚರ್ಮವೂ ಉಪ್ಪುಕಾಗದದ ಹಾಗಿರೋದರಿಂದ ಬಾಲ ಬಡಿದರೂ ದಾರ ಸವೆದುಹೋಗುತ್ತೆ. ಅದಕ್ಕೇ ತಂತಿ ಮಾರುಗಟ್ಟಲೆ ಉದ್ದ ಇರಬೇಕು. ಎರೆ ನೀರಲ್ಲಿ ಬೇಕಾದ ಆಳದಲ್ಲಿ ನಿಲ್ಲೋಕೆ ತೇಲುಬುರುಡೆಯ ಜಾಗದಲ್ಲಿ ಏನು ಕಟ್ಟಿದರು ಹೇಳಿ? ಹುಟ್ಟುಹಬ್ಬದ ಬಲೂನು! :-)

ಗಂಗೊಳ್ಳಿಯಲ್ಲಿ ಹೊಳೆಬದಿಗೆ ಕೂತು ಗಾಳ ಹಾಕುತ್ತಿದ್ದ ಒಬ್ಬ ಅಜ್ಜ ಇದ್ದರು. ನಾನು ಸಣ್ಣವನಿದ್ದಾಗ ಪಕ್ಕದಲ್ಲಿ ಕೂರಿಸಿಕೊಂಡು ಸಿಗಡಿ ಸಿಕ್ಕಿಸೋದು ಹೇಳಿಕೊಟ್ಟಿದ್ದರು. “ಗಾಳ ಮೀನಿಗೆ ಕಾಂಬುಕಾಗ ಮಾಣಿ, ಚಟ್ಲಿ ಮಾತ್ರ ಕಾಣ್ಕ್” ಅಂತಿದ್ದರು. ಆ ಹುಡುಗ ಗಾಳವನ್ನ ಮೀನಿನ ಹೊಟ್ಟೆಯೊಳಗೆ ಮುಚ್ಚಿದಾಗ ಅಟ್ಲಾಂಟಿಕ್ಕಿನ ಮಧ್ಯೆ ನನಗೆ ಅಜ್ಜನ ಮಾತೇ ಕೇಳಿಸಿತು. ಎಲ್ಲಾ ಕಡೆ ಒಂದೇ ವಿದ್ಯೆ ಅಂದುಕೊಂಡೆ.

ಹತ್ತೂವರೆಗೆ ನನ್ನ ಸರದಿಯಲ್ಲಿ ಬಲೂನು ಪಟ್ಟನೆ ಮುಳುಗಿತು. ರೀಲು ಕಿರಕಿರ ಅನ್ನತೊಡಗಿತು. ಎಳೆಯಲು ಹೋದರೆ ಹುಡುಗ ಭುಜ ಹಿಡಿದು ನಿಲ್ಲಿಸಿದ: ಇರು, ತಿನ್ನಲಿ, ಹತ್ತು ಎಣಿಸು. ಎಣಿಸಿದೆ. ಆಮೇಲೆ ಜೋರಾಗಿ ಜಗ್ಗು ಅಂದ, ಜಗ್ಗಿದೆ. ಅರ್ಧ ಗಂಟೆಯ ಮೇಲೆ ದೋಣಿಯ ಪಕ್ಕಕ್ಕೆ ಬಂದದ್ದು ಎಂಟು ಅಡಿಯ ಒಂದು ಬ್ಲೂ ಶಾರ್ಕ್. ಅಂಥ ನೀಲಿಯನ್ನ ನಾನು ಮೊದಲು ಎಲ್ಲೂ ಕಂಡಿರಲಿಲ್ಲ, ಶಾಯಿಯ ದೌತಿನಲ್ಲಿ ಬೆಳಕು ಹಾಕಿದ ಹಾಗೆ. ಅಲ್ಲಿ ಅದನ್ನ ತಿನ್ನುವವರು ಕಡಿಮೆ, ಬಿಡೋದೇ ರೂಢಿ. ಬಿಡೋಣ ಅಂತ ನೋಡಿದರೆ ಬಾಯಲ್ಲಿ ಗಾಳವೇ ಕಾಣಲಿಲ್ಲ. ತಂತಿ ನೇರ ಗಂಟಲೊಳಗೆ ಇಳಿದಿತ್ತು. ಕಿವಿರಿನಿಂದ ರಕ್ತ. ಹುಡುಗ ಕೈಲಾದಷ್ಟು ಒಳಗೆ ತಂತಿ ಕತ್ತರಿಸಿ ಬಿಟ್ಟ. ಅದು ಈಜಲಿಲ್ಲ, ಸುಮ್ಮನೆ ಓರೆಯಾಗಿ ಕೆಳಗೆ ಇಳಿಯುತ್ತಾ ಹೋಯಿತು. “ಏನೂ ಆಗಲ್ಲ, ಗಾಳ ತುಕ್ಕು ಹಿಡಿದು ಉದುರಿಹೋಗುತ್ತೆ” ಅಂದ. ಸಂಜೆ ದಡಕ್ಕೆ ಬಂದಾಗ ನೆನಪಿಗೆ ಅಂತ ಅಂಥದೇ ಒಂದು ಹೊಸ ಗಾಳ ನನ್ನ ಕೈಗಿಟ್ಟ.

ಆ ಗಾಳವೇ ಈ ಗಾಳ. ಹದಿನೈದು ಮಳೆಗಾಲ ಕಂಡರೂ ತುಕ್ಕು ಹಿಡಿಯದ್ದು.

ಇದು ತಲೆಗೆ ಹೊಕ್ಕ ಮೇಲೆ ಒಂದು ವಾರ ರಾತ್ರಿ ಕೂತು ಈ ಎರೆ ಕಟ್ಟುವ ವಿದ್ಯೆಯ ಇತಿಹಾಸ ಓದಿದೆ. ಗಾಳ ಎರೆಯೊಳಗೆ ಎಲ್ಲಿರಬೇಕು ಅನ್ನುವುದಕ್ಕೆ ನೂರು ವರ್ಷದ ಜಗಳ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ!

ಮೋಜಿಗಾಗಿ ದೊಡ್ಡ ಮೀನು ಹಿಡಿಯೋದಕ್ಕೆ ನಿಯಮ ಅಂತ ಶುರುವಾಗಿದ್ದು 1898ರಲ್ಲಿ, ಕ್ಯಾಲಿಫೋರ್ನಿಯಾದ ಕ್ಯಾಟಲಿನಾ ದ್ವೀಪದಲ್ಲಿ. ಚಾರ್ಲ್ಸ್ ಫ್ರೆಡೆರಿಕ್ ಹೋಲ್ಡರ್ ಅನ್ನುವವರು ಕೋಲು-ರೀಲಿನಲ್ಲಿ 183 ಪೌಂಡಿನ ಟ್ಯೂನಾ ಹಿಡಿದು, ಆ ಉತ್ಸಾಹದಲ್ಲೇ ಅಲ್ಲಿ ಟ್ಯೂನಾ ಕ್ಲಬ್ ಕಟ್ಟಿದರು. ಅಲ್ಲಿನ ಎರೆ ಹಾರುಮೀನು, ಇಡಿಯಾಗಿ. ದೋಣಿಯ ಸದ್ದಿಗೆ ಹೆದರುವ ಟ್ಯೂನಾಗಳಿಗಾಗಿ ಜಾರ್ಜ್ ಫಾರ್ನ್ಸ್‌ವರ್ತ್ ಎಂಬ ದೋಣಿಯವನು ಗಾಳಿಪಟ ಹಾರಿಸಿ, ಅದರ ದಾರದಿಂದ ಎರೆ ಇಳಿಬಿಟ್ಟು, ಸತ್ತ ಹಾರುಮೀನು ನೀರಿನ ಮೇಲೆ ಪುಟಪುಟ ಜಿಗಿಯುವ ಹಾಗೆ ಮಾಡಿದ. ಸತ್ತದ್ದನ್ನ ಬದುಕಿದೆ ಅಂತ ನಂಬಿಸೋದೇ ಎರೆ ಕಟ್ಟುವ ವಿದ್ಯೆಯ ಅರ್ಧ ಭಾಗ.

ಅಲ್ಲಿ ಪಳಗಿದವರಲ್ಲಿ ಒಬ್ಬರು ಜೇನ್ ಗ್ರೇ. ಹಲ್ಲಿನ ಡಾಕ್ಟರ್ ಆಗಿದ್ದವರು, ಆಮೇಲೆ ಕೌಬಾಯ್ ಕಾದಂಬರಿ ಬರೆದು ದುಡ್ಡು ಮಾಡಿ, ಬಂದ ದುಡ್ಡನ್ನೆಲ್ಲ ಸಮುದ್ರಕ್ಕೆ ಸುರಿದವರು. 1926ರಲ್ಲಿ ನ್ಯೂಜಿಲೆಂಡಿನ ಬೇ ಆಫ್ ಐಲೆಂಡ್ಸ್‌ಗೆ ಹೋದರು. ಅಲ್ಲಿಯವರು ಕಹವಾಯ್ ಅನ್ನುವ ಮೀನನ್ನ ಇಡಿಯಾಗಿ ಎರೆ ಮಾಡಿ, ಮೂರು ಮೊನೆಯ ಗಾಳಗಳನ್ನ ಸಿಕ್ಕಿಸಿ, ದೋಣಿ ತೇಲಬಿಟ್ಟು ಕಾಯುತ್ತಿದ್ದರು. ಮೀನು ನುಂಗಿದರೆ ಹೊಟ್ಟೆಯಲ್ಲಿ ಮೂರು ಕಡೆ ಕಚ್ಚಿಕೊಳ್ಳುತ್ತೆ, ತಪ್ಪಿಸಿಕೊಳ್ಳೋ ಮಾತೇ ಇಲ್ಲ. ಗ್ರೇಗೆ ಇದು ಸರಿಬರಲಿಲ್ಲ. ಒಂಟಿ ಗಾಳ ಹಾಕಿ, ಮೀನಿಗೂ ಒಂದು ಅವಕಾಶ ಇರಲಿ ಅಂತ ಅಲ್ಲಿನ ಪತ್ರಿಕೆಗಳಲ್ಲೂ ತಮ್ಮ ಪುಸ್ತಕದಲ್ಲೂ ಬರೆದರು. ಅತಿಥಿಯಾಗಿ ಬಂದವನು ಪಾಠ ಹೇಳಿದರೆ ಯಾರಿಗೆ ತಾನೆ ಹಿಡಿಸುತ್ತೆ? ಅಲ್ಲಿಯವರು ಚೆನ್ನಾಗಿಯೇ ಬೈದರು. ನನಗೂ ಗ್ರೇ ಮನುಷ್ಯ ಸ್ವಲ್ಪ ಜಂಬದವನು ಅನಿಸಿತು, ಆದರೆ ಈ ವಿಷಯದಲ್ಲಿ ಅವರ ಪಕ್ಷವೇ ನನ್ನದು. ನೀರಿನಿಂದ ಮೇಲಕ್ಕೆ ಹಾರುವ ಮಾಕೋ ಶಾರ್ಕನ್ನ ಅವರು ಮೆಚ್ಚಿ ಕೊಂಡಾಡಿದ್ದೂ ಅಲ್ಲಿಯೇ. ಮಾಕೋ ಅನ್ನೋದು ಮಾವೋರಿ ಭಾಷೆಯ ಪದ. ಮಾವೋರಿಗಳು ಅದರ ಹಲ್ಲನ್ನ ಕಿವಿಗೆ ಆಭರಣ ಮಾಡಿಕೊಳ್ಳುತ್ತಿದ್ದರು. 1936ರಲ್ಲಿ ಗ್ರೇ ಆಸ್ಟ್ರೇಲಿಯಾಕ್ಕೆ ಹೋಗಿ ಸಿಡ್ನಿಯ ಹತ್ತಿರ 1036 ಪೌಂಡಿನ ಟೈಗರ್ ಶಾರ್ಕ್ ಹಿಡಿದರು, ‘ವೈಟ್ ಡೆತ್’ ಅಂತ ಒಂದು ಸಿನಿಮಾದಲ್ಲೂ ನಟಿಸಿದರು.

ಅದೇ ಕಾಲಕ್ಕೆ ಬಹಾಮಾಸ್‌ನ ಬಿಮಿನಿಯಲ್ಲಿ ಹೆಮಿಂಗ್ವೇ. ಗಾಳಕ್ಕೆ ಬಿದ್ದ ಟ್ಯೂನಾವನ್ನ ಮೇಲೆತ್ತುವುದರೊಳಗೆ ಶಾರ್ಕುಗಳು ಅರ್ಧ ತಿಂದು ಮುಗಿಸುತ್ತಿದ್ದವು, ಈತ ಅವುಗಳ ಮೇಲೆ ಮಷಿನ್ ಗನ್ ಹಾರಿಸುತ್ತಿದ್ದ. 1935ರ ಏಪ್ರಿಲ್‌ನಲ್ಲಿ ಬಿಮಿನಿಗೆ ಹೊರಟಾಗ ದೋಣಿಯ ಪಕ್ಕಕ್ಕೆ ಎಳೆದ ಶಾರ್ಕಿಗೆ ಗುಂಡು ಹೊಡೆಯಲು ಹೋಗಿ ತನ್ನ ಎರಡೂ ಕಾಲಿಗೆ ಹೊಡೆದುಕೊಂಡ. (ಶಾರ್ಕಿನ ಕಡೆಯವರು ಇದನ್ನ ಓದಿ ನಕ್ಕಿರಬೇಕು.)

1939ರ ಜೂನ್ 7ರಂದು ನ್ಯೂಯಾರ್ಕಿನ ನೈಸರ್ಗಿಕ ಇತಿಹಾಸದ ಮ್ಯೂಸಿಯಮ್ಮಿನಲ್ಲಿ ಅಂತರರಾಷ್ಟ್ರೀಯ ಗೇಮ್ ಫಿಶ್ ಸಂಸ್ಥೆ ಹುಟ್ಟಿತು. ದಾಖಲೆ ಅಂದರೆ ಏನು, ಅದಕ್ಕೆ ಎರೆ ಹೇಗಿರಬೇಕು ಅನ್ನುವುದಕ್ಕೆ ಅವರದ್ದೇ ಈಗ ಪಂಚಾಂಗ. ಮೂರು ಮೊನೆಯ ಗಾಳ ಎರೆಯಲ್ಲಿ ನಿಷಿದ್ಧ. ಎರಡಕ್ಕಿಂತ ಹೆಚ್ಚು ಗಾಳ ಇಲ್ಲ. ಆ ಎರಡೂ ಎರೆಗೆ ಭದ್ರವಾಗಿ ಕೂತಿರಬೇಕು, ಜೋತಾಡುತ್ತಾ ಇರಬಾರದು. ಎರಡರ ಕಣ್ಣುಗಳ ನಡುವೆ 18 ಇಂಚಿಗಿಂತ ಹೆಚ್ಚು ದೂರ ಇರಬಾರದು. ಗ್ರೇ ಹೇಳಿ ಬೈಸಿಕೊಂಡದ್ದೇ ಕಾಯಿದೆಯಾದ ಹಾಗಾಯಿತು. ಇನ್ನೊಂದು ನಿಯಮ: ಸಸ್ತನಿಗಳ ಮಾಂಸ, ರಕ್ತ ಎರೆಯಾಗಿ ಬಳಸುವಂತಿಲ್ಲ.

ಈ ಕೊನೆಯ ನಿಯಮ ಒಬ್ಬ ಮನುಷ್ಯನಿಗೆ ಎಷ್ಟು ದುಬಾರಿಯಾಯಿತು ನೋಡಿ. ಆಲ್ಫ್ ಡೀನ್ ಅನ್ನುವ ಆಸ್ಟ್ರೇಲಿಯಾದ ತೋಟಗಾರ 1959ರ ಏಪ್ರಿಲ್ 21ರಂದು ಸೆಡೂನಾ ಎಂಬಲ್ಲಿ 2664 ಪೌಂಡಿನ, ಅಂದರೆ 1208 ಕಿಲೋ ತೂಕದ ಬಿಳಿ ಶಾರ್ಕನ್ನ ಹಿಡಿದ. ಹೋರಾಟ 50 ನಿಮಿಷ. ದಾಖಲೆಯ ಪುಸ್ತಕದಲ್ಲಿ ಅದೇ ಇಂದಿಗೂ ಅತಿ ದೊಡ್ಡ ಮೀನು. 1976ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಆಲ್ಬನಿಯಲ್ಲಿ ಕ್ಲೈವ್ ಗ್ರೀನ್ ಹಿಡಿದದ್ದು 3388 ಪೌಂಡ್, ಡೀನ್‌ಗಿಂತ ಏಳುನೂರು ಪೌಂಡ್ ಜಾಸ್ತಿ! ಆದರೆ ಆಲ್ಬನಿ ತಿಮಿಂಗಿಲ ಬೇಟೆಯ ಬಂದರು, ಎರೆ ತಿಮಿಂಗಿಲದ ಮಾಂಸ. ಲೆಕ್ಕಕ್ಕೆ ಬರಲಿಲ್ಲ. ಮೀನನ್ನ ಎರೆ ಮಾಡಿದ್ದರೆ ಇವತ್ತು ಗ್ರೀನ್ ಹೆಸರು ಇರುತ್ತಿತ್ತು.

ಮತ್ತೆ ಮೋಂಟಾಕ್‌ಗೆ ಬರೋಣ. ಅಲ್ಲಿ ಶಾರ್ಕ್ ಹಿಡಿಯೋದನ್ನ ಧಂದೆ ಮಾಡಿದ್ದು ಫ್ರಾಂಕ್ ಮುಂಡಸ್. 1951ರಲ್ಲಿ ‘ಕ್ರಿಕೆಟ್’ ಅನ್ನುವ ದೋಣಿ ತಂದು ಬ್ಲೂಫಿಶ್ ಹಿಡಿಸಲು ಕೂತವನಿಗೆ, ಕೆಳಗೆ ಓಡಾಡುವ ಶಾರ್ಕಿಗೇ ಗಿರಾಕಿ ಹೆಚ್ಚು ಅಂತ ಗೊತ್ತಾಯಿತು. ‘ಮಾನ್‌ಸ್ಟರ್ ಫಿಶಿಂಗ್’ ಅಂತ ಬೋರ್ಡ್ ಹಾಕಿದ. ಆ ಕಾಲದ ಫೋಟೋಗಳಲ್ಲಿ ದಕ್ಕೆಯ ಕಂಬಕ್ಕೆ ನೇತುಹಾಕಿದ ಶಾರ್ಕುಗಳು, ಪಕ್ಕದಲ್ಲಿ ನಗುವ ಜನ. ತಿನ್ನಲಿಕ್ಕಲ್ಲ, ಫೋಟೋ ಆದಮೇಲೆ ಹೆಚ್ಚಿನವು ಕಸಕ್ಕೆ. 1975ರ ‘ಜಾಸ್’ ಸಿನಿಮಾದ ಕ್ವಿಂಟ್ ಪಾತ್ರ ತನ್ನನ್ನೇ ನೋಡಿ ಮಾಡಿದ್ದು ಅಂತ ಮುಂಡಸ್ ಹೇಳಿಕೊಳ್ಳುತ್ತಿದ್ದ, ಕಾದಂಬರಿ ಬರೆದ ಪೀಟರ್ ಬೆಂಚ್ಲಿ ಒಪ್ಪಲಿಲ್ಲ. 1986ರ ಆಗಸ್ಟ್ 6ರಂದು ಇವನ ಜೊತೆಯಲ್ಲಿ ಡಾನಿ ಬ್ರಾಡಿಕ್ ಹಿಡಿದದ್ದು 3427 ಪೌಂಡಿನ ಬಿಳಿ ಶಾರ್ಕ್. ಅದೂ ಸತ್ತ ತಿಮಿಂಗಿಲದ ಪಕ್ಕ ಹಿಡಿದದ್ದು, ಅದಕ್ಕೂ ದಾಖಲೆಯ ಪಟ್ಟ ದಕ್ಕಲಿಲ್ಲ.

ಈ ಗದ್ದಲದ ನಡುವೆಯೇ ಒಬ್ಬರು ಬೇರೆ ದಾರಿ ಹಿಡಿದರು. ಜ್ಯಾಕ್ ಕೇಸಿ, ಸರಕಾರಿ ಮೀನು ವಿಜ್ಞಾನಿ. ಶಾರ್ಕುಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆ, ಎಷ್ಟು ವರ್ಷ ಬದುಕುತ್ತವೆ ಅನ್ನೋದು ಆಗ ಯಾರಿಗೂ ಗೊತ್ತಿರಲಿಲ್ಲ. 1962ರಲ್ಲಿ ಅವರು ನೂರಕ್ಕೂ ಕಡಿಮೆ ಹವ್ಯಾಸಿಗಳ ಕೈಗೆ ಟ್ಯಾಗ್ ಕೊಟ್ಟು, ಹಿಡಿದದ್ದನ್ನ ಕೊಲ್ಲಬೇಡಿ, ಬೆನ್ನಿಗೆ ಇದನ್ನ ಚುಚ್ಚಿ ಬಿಡಿ ಅಂದರು. ಪುಟ್ಟ ಕೊಳವೆ, ಒಳಗೆ ಹಲವು ಭಾಷೆಗಳಲ್ಲಿ ಬರೆದ ಚೀಟಿ, ಸಿಕ್ಕವರು ಇಂಥಲ್ಲಿಗೆ ಕಳಿಸಿ ಅಂತ. ಕಳಿಸಿದವರಿಗೆ ಬಹುಮಾನ ಒಂದು ಟೋಪಿ. ಇಲ್ಲಿಯವರೆಗೆ ಎರಡು ಲಕ್ಷಕ್ಕೂ ಹೆಚ್ಚು ಶಾರ್ಕುಗಳಿಗೆ ಹೀಗೆ ಟ್ಯಾಗ್ ಬಿದ್ದಿದೆ. ಬ್ಲೂ ಶಾರ್ಕ್ ಅಟ್ಲಾಂಟಿಕ್ ದಾಟಿ ಆ ದಡಕ್ಕೆ ಹೋಗುತ್ತೆ ಅಂತ ತಿಳಿದದ್ದು ಈ ಟೋಪಿಯ ಆಸೆಯಿಂದ.

ಆದರೆ ಬಿಡಬೇಕಾದರೆ ಮೀನು ಬದುಕುವ ಸ್ಥಿತಿಯಲ್ಲಿರಬೇಕಲ್ಲ? ಹೊಟ್ಟೆಯೊಳಗೆ ಅಡಗಿಸಿದ ಗಾಳ, ಹತ್ತು ಎಣಿಸುವವರೆಗೆ ನುಂಗಲು ಬಿಡುವ ಪದ್ಧತಿ, ಇದೆಲ್ಲ ಕೊಲ್ಲುವ ಕಾಲದ ವಿದ್ಯೆ. ಮೀನು ಕಂಬಕ್ಕೆ ನೇತಾಡುವುದಾದರೆ ಗಾಳ ಗಂಟಲಲ್ಲಿದ್ದರೇನು, ತುಟಿಯಲ್ಲಿದ್ದರೇನು. ಬಿಡುವುದೇ ಉದ್ದೇಶ ಆದಾಗ ಎರೆಯನ್ನ ಮೊದಲಿಂದ ಕಟ್ಟಬೇಕಾಯಿತು.

ಅದಕ್ಕೆ ಸಿಕ್ಕ ಉತ್ತರ ಬಹಳ ಹಳೆಯದು. ಪೆಸಿಫಿಕ್ ದ್ವೀಪಗಳವರು ಚಿಪ್ಪು, ಮೂಳೆ, ಮರದಲ್ಲಿ ಮಾಡುತ್ತಿದ್ದ ಗಾಳಗಳ ಮೊನೆ ಹೊರಗಲ್ಲ, ಒಳಗೆ ದಂಟಿನ ಕಡೆಗೇ ತಿರುಗಿರುತ್ತೆ, ಹೆಚ್ಚುಕಡಿಮೆ ವೃತ್ತದ ಹಾಗೆ. ಒಮ್ಮೆ ಒಂದು ಮ್ಯೂಸಿಯಮ್ಮಿನಲ್ಲಿ ಇಂಥದ್ದು ನೋಡಿ ‘ಇದು ಚುಚ್ಚೋದಾದರೂ ಹೇಗೆ, ಒಡವೆ ಇರಬೇಕು’ ಅಂದುಕೊಂಡು ಮುಂದೆ ಹೋಗಿದ್ದೆ. ಪೆದ್ದು ನಾನು. ಅದು ಚುಚ್ಚುವ ಗಾಳವಲ್ಲ, ತಿರುಗುವ ಗಾಳ. ಮೀನು ನುಂಗಿದರೂ ಮೊನೆ ಒಳಮುಖವಾಗಿರುವುದರಿಂದ ಗಂಟಲಲ್ಲಿ ಕಚ್ಚುವುದಿಲ್ಲ, ದಾರ ಬಿಗಿಯಾದಂತೆ ಜಾರಿಕೊಂಡು ಹೊರಬರುತ್ತೆ. ಬಾಯಿಯ ಮೂಲೆಗೆ ಬಂದಾಗ ಹೊರಳಿ ದವಡೆಗೆ ಸಿಕ್ಕಿಕೊಳ್ಳುತ್ತೆ. ಜಗ್ಗಲೇಬಾರದು, ಜಗ್ಗಿದರೆ ತಪ್ಪಿಹೋಗುತ್ತೆ. 1980ರ ದಶಕದಲ್ಲಿ ಉತ್ತರ ಪೆಸಿಫಿಕ್ಕಿನ ಹಾಲಿಬಟ್ ಮೀನುಗಾರರು ಉಕ್ಕಿನಲ್ಲಿ ಇದನ್ನೇ ಹಿಡಿದರು, ದಯೆಯಿಂದಲ್ಲ, ಮೀನು ಜಾಸ್ತಿ ಸಿಗುತ್ತೆ ಅಂತ. ಅಲ್ಲಿಂದ ಮೋಜಿನ ಗಾಳಗಾರರಿಗೆ ಬಂತು. ಸಾಯುವ ಕೆಲವು ವರ್ಷ ಮುಂಚೆ, ಸರ್ಕಲ್ ಹುಕ್ ಹಾಕಿ, ಹಿಡಿದದ್ದನ್ನ ಬಿಡಿ ಅಂತ ಹೇಳಿಕೊಂಡು ತಿರುಗಿದವರಲ್ಲಿ ಅದೇ ಫ್ರಾಂಕ್ ಮುಂಡಸ್ ಕೂಡ ಇದ್ದ ಅಂದರೆ ನಂಬುತ್ತೀರಾ? ಅವನು ತೀರಿಕೊಂಡದ್ದು 2008ರಲ್ಲಿ, ನಾನು ಅಲ್ಲಿಗೆ ಹೋದ ಮರುವರ್ಷ.

ಈಗ ಇಡೀ ಮೀನಿನ ಎರೆ ಕಟ್ಟುವ ಕ್ರಮವೇ ತಿರುವುಮುರುವು. ಗಾಳವನ್ನ ಮೀನಿನ ಒಳಗೆ ಹುಗಿದರೆ ಅದಕ್ಕೆ ಹೊರಳಲು ಜಾಗ ಇರಲ್ಲ. ಹಾಗಾಗಿ ದಬ್ಬಣದಿಂದ ಗಟ್ಟಿ ದಾರವನ್ನ ಮೀನಿನ ಕಣ್ಣಿನ ಗುಳಿಯಲ್ಲೋ ಮೂಗಿನಲ್ಲೋ ತೂರಿಸಿ, ಆ ದಾರದ ಕುಣಿಕೆಗೆ ಗಾಳವನ್ನ ಹೊರಗಡೆ, ಮೀನಿನ ತಲೆಯ ಮುಂದೆ ಕಟ್ಟುತ್ತಾರೆ, ಎತ್ತಿಗೆ ಮೂಗುದಾರ ಹಾಕಿದ ಹಾಗೆ. ಗಾಳ ಪೂರ್ತಿ ಬರಿಮೈ, ಎದುರಿಗೇ ಕಾಣುತ್ತಿರುತ್ತೆ. ಅಮೆರಿಕದ ಅಟ್ಲಾಂಟಿಕ್ ನೀರಿನಲ್ಲಿ ಎರೆ ಹಾಕಿ ಶಾರ್ಕ್ ಹಿಡಿಯುವ ಹವ್ಯಾಸಿಗಳಿಗೆ ಸರ್ಕಲ್ ಹುಕ್ಕನ್ನ 2018ರ ಜನವರಿಯಿಂದ ಕಡ್ಡಾಯ ಮಾಡಿದರು, ಮೊದಲು ದಕ್ಷಿಣದ ಭಾಗಕ್ಕೆ, ಮರುವರ್ಷ ಎಲ್ಲಾ ಕಡೆಗೆ. ಮೊನೆ ಪಕ್ಕಕ್ಕೆ ವಾಲಿರಬಾರದು. ಸ್ಟೇನ್‌ಲೆಸ್ ಸ್ಟೀಲ್ ಆಗಿರಬಾರದು, ಒಂದು ವೇಳೆ ಒಳಗೇ ಉಳಿದರೆ ತುಕ್ಕು ಹಿಡಿದು ಹೋಗಲಿ ಅಂತ. ಗ್ರೇ ಮೆಚ್ಚಿದ ಮಾಕೋವನ್ನಂತೂ 2022ರ ಜುಲೈ 5ರಿಂದ ಅಲ್ಲಿ ದೋಣಿಗೆ ಎತ್ತುವ ಹಾಗೇ ಇಲ್ಲ, ಸಿಕ್ಕರೆ ಬಿಡಲೇಬೇಕು ಅಂತ ಮಾಡಿದರು.

ಆ ಹುಡುಗನನ್ನ ನಾನು ದೂರುವುದಿಲ್ಲ. ಅವನಿಗೆ ಅವನ ಹಿರಿಯರು ಕಲಿಸಿದ್ದು ಅದು, ನನಗೆ ಅಜ್ಜ ಕಲಿಸಿದ್ದೂ ಅದೇ. ಅಜ್ಜನ ಗಾಳಕ್ಕೆ ಬಿದ್ದ ಮೀನು ಸಂಜೆ ಸಾರಾಗುತ್ತಿತ್ತು, ಹಾಗಾಗಿ ಅವರ ಮಾತು ಅವರ ಮಟ್ಟಿಗೆ ಸರಿಯೇ. ಆದರೆ ನಮ್ಮ ಶಾರ್ಕಿಗೆ ಅವತ್ತು ಟ್ಯಾಗ್ ಕೂಡ ಹಾಕಿರಲಿಲ್ಲ. ಹಾಕಿದ್ದರೆ ಎಲ್ಲೋ ಪೋರ್ಚುಗಲ್ ಕಡೆಯಿಂದ ಯಾರೋ ಟೋಪಿಯ ಆಸೆಗೆ ಚೀಟಿ ಕಳಿಸಿ, ಬದುಕಿತ್ತು ಅಂತ ನನಗೆ ಗೊತ್ತಾಗುತ್ತಿತ್ತೇನೋ.

ನಿನ್ನೆ ಮಲ್ಪೆಯಿಂದ ಬಂಗುಡೆ ತಂದಿದ್ದೆ. ಅಡುಗೆಮನೆಯಲ್ಲಿ ದಬ್ಬಣ ಹುಡುಕಿ, ಒಂದು ಬಂಗುಡೆಯ ಕಣ್ಣಿನ ಗುಳಿಯಲ್ಲಿ ದಾರ ತೂರಿಸಿ, ಕೀ ಬಂಚಿನ ಬಳೆಯನ್ನೇ ಸರ್ಕಲ್ ಹುಕ್ ಅಂತ ಮಾಡಿಕೊಂಡು ತಲೆಯ ಮುಂದೆ ಕಟ್ಟಿ ನೋಡಿದೆ. ಮೂರು ಸಲ ಜಾರಿತು, ನಾಲ್ಕನೇ ಸಲ ನಿಂತಿತು. ಹೆಂಡತಿ ಬಂದು ನೋಡಿ, “ಮೂಗುತಿ ಚೆನ್ನಾಗಿದೆ, ಇನ್ನು ಬಿಚ್ಚಿ ಕೊಡಿ, ಮಸಾಲೆ ಹಚ್ಬೇಕು” ಅಂದಳು. ಬಿಚ್ಚಿ ಕೊಟ್ಟೆ. ಆ ಜೆ ಗಾಳ ಮತ್ತೆ ಡಬ್ಬಿಗೆ ಹೋಗಿದೆ, ಹೊಸಮನೆಗೂ ಬಂದಿದೆ.